ಅರ್ಧ ಟ್ಯಾಂಕಿನ ಕಾಯಿಲೆ

ನನ್ನ ಅಂಗಡಿಯ ಗೋಡೆಯಲ್ಲಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ, ತುಕ್ಕು ಹಿಡಿದ ಒಂದು ಪೈಪ್ ತುಂಡು ನೇತು ಹಾಕಿದ್ದೇನೆ. ಒಂದಡಿ ಉದ್ದ, ಕಿರುಬೆರಳಿನ ದಪ್ಪ. ಮೋಟಾರ್ ರಿಪೇರಿಗೆ ಬಂದವರು "ಇದ್ಯಾವ ಮೋಟಾರಿಂದಣ್ಣ?" ಅಂತ ಕೇಳುತ್ತಾರೆ. ಯಾವ ಮೋಟಾರಿನದೂ ಅಲ್ಲ. ನನ್ನ ಗಾಡಿಯ ಡೀಸೆಲ್ ಟ್ಯಾಂಕಿನ ಒಳಗಿದ್ದ ಪೈಪ್ ಅದು. ಕೆಳತುದಿಯಿಂದ ನಾಲ್ಕು ಬೆರಳು ಮೇಲೆ, ಗುಂಡುಸೂಜಿ ತೂರುವಷ್ಟು ಒಂದು ತೂತಿದೆ. ಆ ತೂತು ಹುಡುಕೋಕೆ ನನಗೆ ಎಂಟು ತಿಂಗಳು, ಮೂರು ಗ್ಯಾರೇಜು, ಹತ್ತಿರ ಹತ್ತಿರ 30 ಸಾವಿರ ರೂಪಾಯಿ ಬೇಕಾಯಿತು.

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ.

ಚಿತ್ರದುರ್ಗದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತ ಕಾಯೋ ಹಾಗಿಲ್ಲ. ಈರುಳ್ಳಿಯೋ ದಾಳಿಂಬೆಯೋ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ. ಹೊಲಕ್ಕೇ ಹೋಗಿ, ಮೋಟಾರ್ ಎತ್ತಿಸಿ, ತಂದು, ಸುತ್ತಿ, ಮತ್ತೆ ಇಳಿಸಿ ಬರಬೇಕು. ಮೊದಲು ಬಾಡಿಗೆ ಆಟೋದಲ್ಲಿ ಹೋಗುತ್ತಿದ್ದೆ. ಅವರು ಹಳ್ಳದ ಹತ್ತಿರ ನಿಲ್ಲಿಸಿ "ಇಲ್ಲಿಂದ ಆಗಲ್ಲಣ್ಣ" ಅಂತ ಬೀಡಿ ಹಚ್ಚುತ್ತಿದ್ದರು. ಆಮೇಲೆ ಮೋಟಾರ್ ಹೆಗಲ ಮೇಲೆ.

ಹೀಗಾಗಿ ಫೋರ್ ವೀಲ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ ಗಾಡಿ ಬೇಕು ಅನ್ನಿಸಿತು. ನಮ್ಮ ಕಡೆ ಹಳೇ ಫೋರ್ ವೀಲ್ ಗಾಡಿಗಳು ಸಿಗೋದಕ್ಕೆ ಒಂದು ಕಾರಣ ಗಣಿ. ಅದಿರಿನ ಗುಡ್ಡ ಹತ್ತೋಕೆ ಗಣಿಯವರು ಕ್ಯಾಂಪರ್‌ಗಳನ್ನು, ಅಂದರೆ ಹಿಂದೆ ತೊಟ್ಟಿ ಇರೋ ಪಿಕಪ್‌ಗಳನ್ನು, ಇಟ್ಟುಕೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನದೂ ನಿಂತಿತು. ಗಾಡಿಗಳು ಶೆಡ್ಡು ಸೇರಿದವು, ಕೈಯಿಂದ ಕೈಗೆ ಹೋದವು. 2019ರಲ್ಲಿ ಹೊಸದುರ್ಗದ ಕಡೆ ಒಂದು ತೆಂಗಿನ ತೋಟದ ಶೆಡ್ಡಿನಲ್ಲಿ ನನ್ನದು ಸಿಕ್ಕಿತು. 2008ರ ಮಾಡೆಲ್ ಬೊಲೆರೋ ಕ್ಯಾಂಪರ್, ಕೆಎ 16 ನಂಬರ್, 2523 ಸಿಸಿ ಡೀಸೆಲ್ ಎಂಜಿನ್. ಬಾಡಿಯ ಬಿಳಿ ಬಣ್ಣದ ಮೇಲೆ ಅದಿರಿನ ಕೆಂಪು ಎಷ್ಟು ಕೂತಿತ್ತೆಂದರೆ, ನಾಲ್ಕು ಸಲ ತೊಳೆದರೂ ಬಾಗಿಲ ಸಂದಿಯಿಂದ ಕುಂಕುಮದ ನೀರು ಇಳಿಯುತ್ತಿತ್ತು.

ಮಾರಿದವರು ಒಂದು ಮಾತು ಹೇಳಿದ್ದರು. "ಗಣಿಯವರು ದೊಡ್ಡ ಟ್ಯಾಂಕ್ ಕಟ್ಟಿಸಿ ಹಾಕಿದಾರೆ ಸ್ವಾಮಿ, ಒಂದ್ಸಲ ತುಂಬಿಸಿದ್ರೆ ಹತ್ತು ದಿನ ನೋಡಂಗಿಲ್ಲ." ನಾನು ಖುಷಿಯಾದೆ. ಆ ಮಾತಿನಲ್ಲೇ ಕಾಯಿಲೆಯೂ ಇತ್ತು, ನನಗೆ ಕೇಳಿಸಲಿಲ್ಲ ಅಷ್ಟೇ.

ತಂದ ಮೊದಲ ವರ್ಷ ನಾನು ಮಾಡಿದ್ದು ಬರೀ ಶೋಕಿ. ಅದನ್ನೂ ಮುಚ್ಚಿಡೋದಿಲ್ಲ. ದಾವಣಗೆರೆಗೆ ಹೋಗಿ 235/75 ಆರ್15 ಅಳತೆಯ ದಪ್ಪ ಬಟನ್ನಿನ ಟೈರ್ ಹಾಕಿಸಿದೆ. ಮೊದಲು 215/75 ಇದ್ದವು. ನೋಡೋಕೆ ಗಾಡಿ ಎದೆ ಉಬ್ಬಿಸಿದ ಹಾಗೆ ಕಾಣುತ್ತಿತ್ತು. ಲೆಕ್ಕ ಹಾಕಿದರೆ ಟೈರಿನ ಎತ್ತರ 30 ಮಿಲಿಮೀಟರ್ ಜಾಸ್ತಿ. ಅದರಲ್ಲಿ ಅರ್ಧ ಅಕ್ಸಲ್‌ನಿಂದ ಮೇಲೆ ಹೋಗುತ್ತದೆ. ಅಂದರೆ ನೆಲದಿಂದ ಗಾಡಿ ಎದ್ದಿದ್ದು ಬರೀ 15 ಮಿಲಿಮೀಟರ್, ನನ್ನ ಹೆಬ್ಬೆರಳಿನ ಅಗಲವೂ ಇಲ್ಲ. ಅದಕ್ಕೆ ಕೊಟ್ಟ ದುಡ್ಡು ನೆನೆದರೆ ಈಗಲೂ ಬೆಣ್ಣೆ ದೋಸೆ ಗಂಟಲಲ್ಲಿ ಇಳಿಯೋದಿಲ್ಲ. ಇನ್ನೊಂದು, ಸ್ಪೀಡೋಮೀಟರ್ 60 ತೋರಿಸಿದಾಗ ಗಾಡಿ ನಿಜವಾಗಿ 62-63ರಲ್ಲಿ ಹೋಗುತ್ತಿರುತ್ತದೆ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ, ಮೀಟರ್‌ಗೆ ಅದು ಗೊತ್ತಿಲ್ಲ.

ಎತ್ತರ ಸಾಲಲಿಲ್ಲ ಅಂತ ಹಿಂದಿನ ಕಮಾನು ಪಟ್ಟಿಗೆ ಉದ್ದನೆಯ ಶಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸೋ ಕೊಂಡಿ) ಹಾಕಿಸಿದೆ. ಹಿಂಭಾಗ ಎರಡು ಇಂಚು ಎದ್ದಿತು. ಮೊದಲ ದಿನವೇ ಹೈವೇಯಲ್ಲಿ 50 ದಾಟಿದರೆ ಸೀಟಿನ ಕೆಳಗೆ ಗುಂಯ್ ಅಂತ ನಡುಕ. 60ರಲ್ಲಿ ಸ್ಟೀರಿಂಗ್ ಕೈಗೆ ಸಿಗದ ಹಾಗೆ ಹಗುರ, ಗಾಡಿ ಅತ್ತಿತ್ತ ಹುಡುಕಾಡುತ್ತಿತ್ತು. ಟೈರ್ ಬ್ಯಾಲೆನ್ಸ್ ಮಾಡಿಸಿದೆ. ಅಲೈನ್‌ಮೆಂಟ್ ಮಾಡಿಸಿದೆ. ಗೇರ್ ಬಾಕ್ಸಿನಿಂದ ಹಿಂದಿನ ಅಕ್ಸಲ್‌ಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಎರಡೂ ಕ್ರಾಸ್ (ತುದಿಯ ಕೀಲು) ಬದಲಾಯಿಸಿದೆ. ನಡುಕ ಹೋಗಲಿಲ್ಲ.

ಕೊನೆಗೆ ನಮ್ಮ ಸಾಬ್ರ ಹತ್ತಿರ ಹೋದೆ. ನಮ್ಮ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ ಅವರ ಗ್ಯಾರೇಜು. ಅರವತ್ತು ದಾಟಿದ ಮನುಷ್ಯ. ಬಗ್ಗಿ ಒಂದು ಸಲ ನೋಡಿದವರೇ ಎದ್ದು, ಎರಡು ಕೈ ಮುಂದೆ ಚಾಚಿದರು.

"ನೋಡು ತಮ್ಮ, ಇದು ಗೇರ್ ಬಾಕ್ಸು, ಇದು ಹಿಂದಿನ ಪಿನಿಯನ್, ಶಾಫ್ಟು ಅಕ್ಸಲ್ ಸೇರೋ ಕಡೆ. ಇವೆರಡೂ ಒಂದೇ ದಿಕ್ಕು ನೋಡಬೇಕು. ನೀನು ಪಟ್ಟಿಯ ಹಿಂದಿನ ತುದಿನ ಕೆಳಗೆ ತಳ್ಳಿದೀಯ, ಪಿನಿಯನ್ ಮೂಗು ಮೇಲೆತ್ತಿದೆ. ಕ್ರಾಸು ಏನ್ ಮಾಡುತ್ತೆ ಪಾಪ?"

"ಸ್ಟೀರಿಂಗ್ ಯಾಕೆ ಸಾಬ್ರೆ ಹಿಂಗೆ?"

"ಹಿಂದೆ ಎತ್ತಿದ್ರೆ ಮುಂದೆ ಬಗ್ಗುತ್ತೆ. ಸೈಕಲ್ ಮುಂದಿನ ಫೋರ್ಕ್ ನೆಟ್ಟಗೆ ನಿಲ್ಲಿಸಿ ಕೈಬಿಟ್ಟು ಓಡಿಸು ನೋಡಣ, ಬಿದ್ದೇ ಬೀಳ್ತೀಯ."

ಶಕಲ್ ಬಿಚ್ಚಿ ಹಳೇದನ್ನೇ ಹಾಕಿದರು. ಜಗ್ಗಿ ಹೋಗಿದ್ದ ಪಟ್ಟಿಗಳನ್ನು ಕಮಾನು ಅಂಗಡಿಗೆ ಕೊಟ್ಟು ಮತ್ತೆ ಬಾಗು ಹಾಕಿಸಿ, ಬುಷ್, ಯು ಬೋಲ್ಟ್, ಸೆಂಟರ್ ಬೋಲ್ಟ್ ಎಲ್ಲಾ ಹೊಸದು ಮಾಡಿಸಿದೆವು. ಅಷ್ಟಕ್ಕೇ ಗಾಡಿ ಒಂದು ಇಂಚು ಎದ್ದಿತು, ಸರಿಯಾದ ಎತ್ತರಕ್ಕೆ. ಅದು ಮೊದಲೇ ಅಲ್ಲಿರಬೇಕಿತ್ತು, ಹದಿಮೂರು ವರ್ಷ ಮೋಟಾರು, ಅದಿರು, ತೆಂಗಿನಕಾಯಿ ಹೊತ್ತು ಕುಸಿದಿತ್ತು ಅಷ್ಟೇ. ಇದು ಹಳದಿ ಬೋರ್ಡಿನ ಗಾಡಿ ಬೇರೆ, ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿಯ ಮೂಲ ರೂಪ ಬದಲಿಸಬಾರದು ಅಂತಲೇ ಇದೆ. ಉದ್ದ ಶಕಲ್ ಇಟ್ಟುಕೊಂಡು ಇನ್‌ಸ್ಪೆಕ್ಟರ್ ಮುಂದೆ ನಿಲ್ಲೋ ಧೈರ್ಯ ನನಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಸಾಬ್ರನ್ನು ಸೋಲಿಸಿದೆ. ಅದನ್ನು ಹೇಳದೆ ಇರೋಕೆ ಆಗಲ್ಲ. ಒಂದು ಚಳಿಗಾಲ ಬೆಳಗ್ಗೆ ಹೊತ್ತು ಕೀ ತಿರುಗಿಸಿದರೆ ಬರೀ ಕಟಕ್. ಬ್ಯಾಟರಿ ಹೊಸದು. ಸಾಬ್ರು "ಸೆಲ್ಫ್ ಮೋಟಾರ್ ಹೋಗಿದೆ, ಬದಲಾಯಿಸು" ಅಂದರು. ಮೋಟಾರ್ ವಿಷಯ ನನ್ನ ಮುಂದೆ ಹೇಳೋದಾ! ಬಿಚ್ಚಿ ನೋಡಿದೆ. ಆರ್ಮೇಚರ್ ಚೆನ್ನಾಗಿದೆ, ಕಾರ್ಬನ್ ಬ್ರಷ್ ಇನ್ನೂ ಮುಕ್ಕಾಲು ಇದೆ. ಮತ್ತೆ ಕೂರಿಸಿ, ಮಲ್ಟಿಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು, ಹೆಂಡತಿಗೆ ಕೀ ತಿರುಗಿಸೋಕೆ ಹೇಳಿದೆ. ಅರ್ಧ ವೋಲ್ಟಿನ ಒಳಗೆ ಇರಬೇಕಾದ ಕಡೆ 3 ವೋಲ್ಟ್ ತೋರಿಸಿತು. ಅರ್ಥಿಂಗ್ ಪಟ್ಟಿಯ ಕೆಳಗೆ ಯಾರೋ ಬಣ್ಣ ಹೊಡೆದಿದ್ದರು, ಅದರಡಿ ತುಕ್ಕು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಹೊಸ ಪಟ್ಟಿ ಹಾಕಿದೆ. ಖರ್ಚು 120 ರೂಪಾಯಿ. ಸಾಬ್ರಿಗೆ ಆ ದಿನ ಟೀ ನಾನೇ ಕೊಡಿಸಿದೆ, ಸ್ವಲ್ಪ ಜಂಬದಿಂದಲೇ.

ಜಂಬ ಇಳಿಯೋಕೆ ಜಾಸ್ತಿ ದಿನ ಬೇಕಾಗಲಿಲ್ಲ.

2021ರ ಶ್ರಾವಣ. ಐಮಂಗಲದಿಂದ ಒಳಗೆ, ಒಂದು ಮರಡಿಯ ಆಚೆ ದಾಳಿಂಬೆ ತೋಟದಲ್ಲಿ ಮೋಟಾರ್ ಸುಟ್ಟಿತ್ತು. ಹೊರಗಿನವರಿಗೆ ಹೇಳುವುದಾದರೆ, ಮರಡಿ ಅಂದರೆ ಬೆಟ್ಟವೂ ಅಲ್ಲದ, ದಿಬ್ಬವೂ ಅಲ್ಲದ ಕಲ್ಲುಗುಡ್ಡ. ಪಕ್ಕದ ಮರಡಿಹಳ್ಳಿಗೆ ಹೆಸರು ಬಂದಿದ್ದೂ ಅದರಿಂದಲೇ ಇರಬೇಕು. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣೋ ಕಲ್ಲುಗಳಿವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಹಾಗೇ ಉಂಡೆಗಟ್ಟಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡಿದೆ. ಆ ದಾರಿಯಲ್ಲಿ ಹೋಗೋರು ಐದು ನಿಮಿಷ ಇಳಿದು ನೋಡಿ.

ಮರಡಿಯ ದಾರಿ ಅಂದಾಜು 5 ಅಡಿಗೆ 1 ಅಡಿ ಏರು. ಸಡಿಲ ಕಲ್ಲು, ಮಧ್ಯ ಮಳೆನೀರು ಕೊರೆದ ಕಾಲುವೆ. ಮುಂದಿನ ಚಕ್ರಗಳನ್ನು ಅಕ್ಸಲ್‌ಗೆ ಸೇರಿಸೋ ಹಬ್ ಲಾಕ್ ಎರಡನ್ನೂ ಕೈಯಲ್ಲಿ ತಿರುಗಿಸಿ, ಫೋರ್ ವೀಲ್ ಲೋ (ನಿಧಾನ, ಆದರೆ ಜಾಸ್ತಿ ಎಳೆಯೋ ಗೇರು) ಹಾಕಿ ಹತ್ತಿಸಿದೆ. ಅರ್ಧ ಹತ್ತಿತು. ಆಮೇಲೆ ಎಂಜಿನ್ ದಮ್ಮು ಕಟ್ಟಿದ ಮುದುಕನ ಹಾಗೆ ಏಳುತ್ತಾ ಬೀಳುತ್ತಾ, ಎರಡು ಸಲ ಕೆಮ್ಮಿ, ನಿಂತೇಬಿಟ್ಟಿತು. ಸ್ಟಾರ್ಟ್ ಆಗಲಿಲ್ಲ. ಬ್ರೇಕ್ ಬಿಡುತ್ತಾ ಹಿಡಿಯುತ್ತಾ ಹಿಮ್ಮುಖವಾಗಿ ಸಮ ನೆಲಕ್ಕೆ ಇಳಿಸಿದೆ. ಎಂಜಿನ್ ಇಲ್ಲದಿದ್ದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ, ಸ್ಟೀರಿಂಗೂ ಅಷ್ಟೇ. ಅಷ್ಟು ಇಳಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಕೆಳಗೆ ಬಂದು ಡೀಸೆಲ್ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಮೂವತ್ತು ಸಲ ಒತ್ತಿ, ಏರ್ ತೆಗೆದೆ. ಟಪ್ ಅಂತ ಸ್ಟಾರ್ಟ್ ಆಯಿತು, ಏನೂ ಆಗದ ಹಾಗೆ.

ಏರ್ ಬಂದಿದೆ ಅಂದರೆ ಡೀಸೆಲ್ ಹೀರೋ ದಾರಿಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲಾ ಡೀಸೆಲ್ ಸಾಲುತ್ತಿಲ್ಲ. ಅಲ್ಲಿ ತನಕ ನನ್ನ ತಲೆ ಸರಿಯಾಗೇ ಓಡಿತ್ತು.

ಸಾಬ್ರು ಊರಲ್ಲಿರಲಿಲ್ಲ. ಬೇರೆ ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿದರು. ಹಳೇ ಫಿಲ್ಟರ್ ಕತ್ತರಿಸಿ ನೋಡಿದರೆ ಒಳಗೆ ಕಪ್ಪು ಕೆಸರು, ಇದೇ ಕಾರಣ ಅಂತ ನಂಬಿದೆ. ಹತ್ತು ದಿನ ಗಾಡಿ ಕುದುರೆ. ಹನ್ನೊಂದನೇ ದಿನ ಇನ್ನೊಂದು ಏರಿನಲ್ಲಿ ಅದೇ ಕೆಮ್ಮು. ಮುಂದಿನದು ಟ್ಯಾಂಕಿನಿಂದ ಡೀಸೆಲ್ ಎಳೆಯೋ ಫೀಡ್ ಪಂಪ್. ಕಿಟ್ ಹಾಕಿಸಿದೆ. ಮತ್ತೆ ಹತ್ತು ದಿನ ಕುದುರೆ, ಆಮೇಲೆ ಮುದುಕ. ಎಲ್ಲಾ ಹೋಸ್ ಬದಲಾಯಿಸಿ, ಪ್ರತಿ ಕ್ಲಿಪ್ ಬಿಗಿ ಮಾಡಿಸಿದೆ. ಹತ್ತು ದಿನ. ಕೊನೆಗೆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ಪಂಪು, ನಾಜಲ್ ಬಿಚ್ಚಿಸಿ ದಾವಣಗೆರೆಗೆ ಕ್ಯಾಲಿಬ್ರೇಶನ್‌ಗೆ ಕಳಿಸಿದೆ. 14 ಸಾವಿರದ ಬಿಲ್ಲು. ಗಾಡಿ ಹೊಗೆ ಬಿಡೋದು ನಿಂತಿತು, ಮೈಲೇಜೂ ಸ್ವಲ್ಪ ಬಂತು, ಅದೇನೋ ನಿಜ. ಆದರೆ ಹನ್ನೆರಡನೇ ದಿನ ಹೊಳಲ್ಕೆರೆ ಕಡೆ ಒಂದು ಅಡಿಕೆ ತೋಟದ ಏರಿಯ ಮೇಲೆ, ತೋಟದ ಯಜಮಾನ್ರ ಇಡೀ ಮನೆಯವರು ನೋಡುತ್ತಿರುವಾಗ, ಮತ್ತೆ ಕೆಮ್ಮಿ ನಿಂತಿತು. ಅವರ ಟ್ರ್ಯಾಕ್ಟರೇ ಬಂದು ಎಳೆಯಿತು. "ಫೋರ್ ವೀಲಲ್ವೇನ್ರೀ ಇದು?" ಅಂತ ಯಜಮಾನ್ರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಈಗ ನೋಡಿದರೆ ಉತ್ತರ ಕಣ್ಣ ಮುಂದೆಯೇ ಇತ್ತು. ಪ್ರತಿ ಸಲ ಹತ್ತು ದಿನ. ಯಾವ ಪಾರ್ಟ್ ಬದಲಾಯಿಸಿದರೂ ಹತ್ತು ಹನ್ನೆರಡು ದಿನ. ನಾನು ಏನು ಬದಲಾಯಿಸೋದು ಅಂತಲೇ ಯೋಚನೆ ಮಾಡುತ್ತಿದ್ದೆ, ಯಾವಾಗ ನಿಲ್ಲುತ್ತಿದೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಕೇಳಿದ್ದು ನನ್ನ ಹೆಂಡತಿ. ಅಂಗಡಿ ಲೆಕ್ಕ ಅವಳದು. ನೀಲಿ ರಟ್ಟಿನ ಉದ್ದ ಪುಸ್ತಕದಲ್ಲಿ ತಾಮ್ರದ ತಂತಿ, ವಾರ್ನಿಷ್, ಹುಡುಗರ ಬಟವಾಡೆ, ಡೀಸೆಲ್ ಎಲ್ಲಾ ತಾರೀಕಿನ ಪ್ರಕಾರ ಬರೆಯುತ್ತಾಳೆ. ಯುಗಾದಿಗೆ ಮುಂಚೆ ವರ್ಷದ ಲೆಕ್ಕ ಕೂಡಿಸುತ್ತಾ, ತಲೆ ಎತ್ತದೆ ಹೇಳಿದಳು:

"ರೀ, ನಿಮ್ಮ ಗಾಡಿ ನಿಲ್ಲೋದು ನಮ್ಮ ಕೈಯಲ್ಲಿ ದುಡ್ಡಿಲ್ಲದಾಗಲೇ."

"ಗಾಡಿಗೆ ನಮ್ಮ ದುಡ್ಡಿನ ವಿಷಯ ಹೆಂಗೆ ಗೊತ್ತಾಗುತ್ತೆ?"

"ಅದು ನಂಗೊತ್ತಿಲ್ಲ. ಇಲ್ಲಿ ನೋಡಿ. ಗ್ಯಾರೇಜ್ ಬಿಲ್ಲು ಕೊಟ್ಟ ದಿನವೇ ಡೀಸೆಲ್ ಫುಲ್ ಟ್ಯಾಂಕ್. ಆಮೇಲೆ ಹತ್ತು ದಿನ ಡೀಸೆಲ್ಲೇ ಇಲ್ಲ. ಆಮೇಲೆ ಟ್ರ್ಯಾಕ್ಟರ್ ಬಾಡಿಗೆ."

ಪುಸ್ತಕ ಕಿತ್ತುಕೊಂಡು ನೋಡಿದೆ. ನಿಜ. ಗ್ಯಾರೇಜಿನಿಂದ ಬಂದ ಖುಷಿಗೆ ನಾನು ಪ್ರತಿ ಸಲ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸುತ್ತಿದ್ದೆ. ಗಾಡಿ ಸರಿಹೋಗುತ್ತಿದ್ದದ್ದು ಹೊಸ ಪಾರ್ಟಿನಿಂದ ಅಲ್ಲ, ತುಂಬಿದ ಟ್ಯಾಂಕಿನಿಂದ! ಮಟ್ಟ ಅರ್ಧಕ್ಕೆ ಇಳಿದ ಮೇಲೆ, ಅದೂ ಏರು ಸಿಕ್ಕರೆ ಮಾತ್ರ, ನಿಲ್ಲುತ್ತಿತ್ತು. ಕಾಲು ಟ್ಯಾಂಕಿಗಿಂತ ಕೆಳಗೆ ನಾನು ಎಂದೂ ಇಳಿಸುವವನಲ್ಲ, ಹಾಗಾಗಿ ಸಮ ರಸ್ತೆಯಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳೋಕೆ ಅವಕಾಶವೇ ಇರಲಿಲ್ಲ.

ಮಾರನೇ ದಿನ ಸಾಬ್ರ ಗ್ಯಾರೇಜಿನಲ್ಲಿ ಎರಡು ಪರೀಕ್ಷೆ ಮಾಡಿದೆವು. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡಿರೋರು ಇದನ್ನು ಮೊದಲೇ ಮಾಡಿದರೆ ಒಳ್ಳೇದು. ಒಂದು, ಟ್ಯಾಂಕಿನಿಂದ ಬರುವ ಪೈಪು ಫಿಲ್ಟರ್ ಸೇರೋ ಮುಂಚೆ ಒಂದು ಅಡಿ ಪಾರದರ್ಶಕ ಪ್ಲಾಸ್ಟಿಕ್ ಹೋಸ್ ಸೇರಿಸೋದು. ಗಾಡಿಯನ್ನು ಗ್ಯಾರೇಜಿನ ರ‍್ಯಾಂಪ್ ಮೇಲೆ ಮೂಗು ಎತ್ತಿ ನಿಲ್ಲಿಸಿ ಎಂಜಿನ್ ಓಡಿಸಿದೆವು. ಒಂದೆರಡು ನಿಮಿಷ ಬರೀ ಡೀಸೆಲ್. ಆಮೇಲೆ ಎಳ್ಳು ಕಾಳಿನಷ್ಟು ಗುಳ್ಳೆ ಒಂದೊಂದೇ. ಸಾಬ್ರು ಆಕ್ಸಿಲರೇಟರ್ ತಂತಿ ಎಳೆದರು. ಗುಳ್ಳೆಗಳು ಸಾಲು ಹಿಡಿದವು, ಸೋಡಾ ಬಾಟಲಿಯ ಹಾಗೆ. ನಾನು ಕೂತಲ್ಲೇ ಕೂಗಿದೆ.

ಎರಡನೇದು, ಟ್ಯಾಂಕನ್ನೇ ಬಿಟ್ಟುಬಿಡೋದು. ಐದು ಲೀಟರ್ ಕ್ಯಾನಿನಲ್ಲಿ ಡೀಸೆಲ್ ಹಾಕಿ ಬಾನೆಟ್ ಹುಕ್ಕಿಗೆ ಕಟ್ಟಿ, ನೇರ ಫಿಲ್ಟರಿಗೆ ಕೊಟ್ಟೆವು. ರಿಟರ್ನ್ ಪೈಪೂ ಕ್ಯಾನಿಗೇ. ಅರ್ಧ ಗಂಟೆ ಓಡಿಸಿದರೂ ಒಂದು ಗುಳ್ಳೆ ಇಲ್ಲ. ಅಂದರೆ ಫಿಲ್ಟರ್, ಪಂಪು, ನಾಜಲ್ ಯಾವುದರದ್ದೂ ತಪ್ಪಿಲ್ಲ. ತಪ್ಪು ಕ್ಯಾನಿನಿಂದ ಹಿಂದೆ.

ಟ್ಯಾಂಕ್ ಇಳಿಸಿದೆವು. ಮೇಲಿನ ಮುಚ್ಚಳ ಬಿಚ್ಚಿ ಹೀರುವ ಪೈಪ್ ಹೊರಗೆ ತೆಗೆದರು ಸಾಬ್ರು. ನೋಡೋಕೆ ಏನೂ ಇಲ್ಲ. ಕೆಳತುದಿಯ ಜಾಲರಿಯ ಕಡೆ ಹೆಬ್ಬೆರಳಿನಿಂದ ಮುಚ್ಚಿ, ಮೇಲಿನಿಂದ ಬಾಯಲ್ಲಿ ಊದುತ್ತಾ ಸೋಪಿನ ನೀರಿನ ಬಕೆಟ್ಟಿಗೆ ಅದ್ದಿದರು. ಪೈಪನ್ನು ಅಲ್ಲಾಡದ ಹಾಗೆ ಹಿಡಿಯೋಕೆ ಬೆಸೆದಿದ್ದ ಪಟ್ಟಿಯ ಬುಡದಿಂದ ಸಣ್ಣ ಗುಳ್ಳೆ ಎದ್ದಿತು. ಅಷ್ಟೇ. ಬೆಸುಗೆ ಹಾಕಿದ ಕಡೆ ತೆಳುವಾಗಿ, ವರ್ಷಗಟ್ಟಲೆ ನಡುಗಿ, ತುಕ್ಕು ತಿಂದು ತೂತಾಗಿತ್ತು.

ಎಳನೀರು ಕುಡಿಯೋ ಸ್ಟ್ರಾ ಮಧ್ಯದಲ್ಲಿ ತೂತಾಗಿದ್ದರೆ ಏನಾಗುತ್ತೆ? ತೂತು ನೀರೊಳಗೆ ಮುಳುಗಿರೋ ತನಕ ಏನೂ ಆಗಲ್ಲ. ತೂತು ಹೊರಗೆ ಬಂದರೆ ಬಾಯಿಗೆ ಗಾಳಿಯೇ ಬರೋದು. ನನ್ನ ಗಾಡಿಯ ಟ್ಯಾಂಕು 3 ಅಡಿ ಉದ್ದ, 1 ಅಡಿ ಎತ್ತರ. ಪೈಪ್ ಇದ್ದದ್ದು ಮುಂದಿನ ತುದಿಯಲ್ಲಿ. 5ಕ್ಕೆ 1ರ ಏರಿನಲ್ಲಿ ನಿಂತರೆ ಡೀಸೆಲ್ ಎಲ್ಲಾ ಹಿಂದಕ್ಕೆ ಸರಿದು, ಮುಂದಿನ ತುದಿಯಲ್ಲಿ ಮಟ್ಟ ಮೂರೂವರೆ ಇಂಚು ಇಳಿಯುತ್ತದೆ. ಅರ್ಧ ಟ್ಯಾಂಕ್ ಅಂದರೆ 6 ಇಂಚು. ಅದರಲ್ಲಿ ಮೂರೂವರೆ ಹೋದರೆ ಎರಡೂವರೆ. ತೂತು ಇರೋದು 3 ಇಂಚಿನಲ್ಲಿ! ಈ ಲೆಕ್ಕವನ್ನು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಸಾಬ್ರು "ಇದನ್ನ ಎಂಟು ತಿಂಗಳ ಹಿಂದೆ ಬರೀಬೇಕಿತ್ತು" ಅಂದರು.

ಅದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳಿತು. ತೂತು ಮುಚ್ಚಿದರೂ, ಕಾಲು ಟ್ಯಾಂಕಿನಲ್ಲಿ ಅದೇ ಏರು ಹತ್ತಿದರೆ ಪೈಪಿನ ಬಾಯಿಯೇ ಗಾಳಿಗೆ ಬೀಳುತ್ತೆ. 3 ಇಂಚಿನಲ್ಲಿ ಮೂರೂವರೆ ಕಳೆದರೆ ಉಳಿಯೋದೇನು? ಅದಕ್ಕೆ ಹಳೇ ಪೈಪಿಗೆ ಬೆಸುಗೆ ಹಾಕೋದು ಬಿಟ್ಟು ಹೊಸ ಉಕ್ಕಿನ ಪೈಪ್ ತಂದು, ನೆಟ್ಟಗೆ ಬಿಡದೆ ಒಳಗೆ ಟ್ಯಾಂಕಿನ ನಡುವಿನ ತನಕ ಹಿಂದಕ್ಕೆ ಬಾಗಿಸಿದೆವು. ಮೂಗು ಎತ್ತಲಿ, ಇಳಿಸಲಿ, ನಡುವಿನಲ್ಲಿ ಮಟ್ಟ ಅಷ್ಟಾಗಿ ಬದಲಾಗಲ್ಲ. ಅಂಗೈ ಅಗಲದ ಬಾಯಿಂದ ಆ ಬಾಗಿದ ಪೈಪ್ ತೂರಿಸೋಕೆ ಪಟ್ಟ ಪಾಡು ಬೇಡ, ಗ್ಯಾರೇಜಿನ ಹುಡುಗ ಮೂರು ಸಲ ಕೈ ಕೊಯ್ದುಕೊಂಡ. ನನ್ನ ಅಂಗಡಿಯಲ್ಲಿ ತಾಮ್ರದ ಪೈಪ್ ಬೇಕಾದಷ್ಟಿದೆ, ಬಾಗಿಸೋಕೂ ಸುಲಭ, ಅದನ್ನೇ ಹಾಕೋಣ ಅಂತ ಒಬ್ಬರು ಹೇಳಿದರು. ತಾಮ್ರ ಅಂದರೆ ನನಗೆ ಪ್ರಾಣ, ಆದರೆ ಡೀಸೆಲ್‌ನಲ್ಲಿ ಬೇಡ. ತಾಮ್ರ ಸೋಕಿದರೆ ಡೀಸೆಲ್ ಬೇಗ ಹಳಸಿ ಅಂಟು ಕಟ್ಟುತ್ತೆ. ಇನ್ನೊಂದು ಮಾತು, ಟ್ಯಾಂಕಿಗೇ ವೆಲ್ಡಿಂಗ್ ಹಾಕಿಸೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ಡೀಸೆಲ್ ಖಾಲಿ ಮಾಡಿದರೂ ಒಳಗೆ ಆವಿ ಇರುತ್ತೆ, ಅದೇ ಸಿಡಿಯೋದು.

ಪೈಪಿಗೆ, ಪ್ಯಾಕಿಂಗಿಗೆ, ಕೂಲಿಗೆ ಸೇರಿ 900 ರೂಪಾಯಿ.

ಮುಂದಿನ ಭಾನುವಾರ ಬೇಕಂತಲೇ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಸಿಕೊಂಡು ಅದೇ ಮರಡಿಗೆ ಹೋದೆ. ತೋಟದವರಿಗೆ ಫೋನ್ ಮಾಡಿ ಕೇಳಿಕೊಂಡೇ ಹೋಗಿದ್ದು. ಇದನ್ನು ಯಾಕೆ ಹೇಳುತ್ತೇನೆಂದರೆ, ಗುಡ್ಡ ಕಂಡ ಕಡೆ ಗಾಡಿ ನುಗ್ಗಿಸೋರು ಈಗೀಗ ಜಾಸ್ತಿ ಆಗಿದ್ದಾರೆ. ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿ ನಮ್ಮ ಆಟ ನಡೆಯೋ ಹಾಗಿಲ್ಲ. ಗಾಳಿಯಂತ್ರದ ದಾರಿಗಳು ಕಂಪನಿಯವರದು. ಬಿತ್ತಿದ ಹೊಲದ ಬದು ಒಡೆದರೆ ಯಾವ ರೈತನೂ ಸುಮ್ನೆ ಬಿಡಲ್ಲ, ಬಿಡಲೂಬಾರದು.

ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಏರಿನಲ್ಲಿ ಹಿಂದಿನ ಚಕ್ರ ಕಲ್ಲು ತೂರುತ್ತೆ, ಮುಂದೆ ಹೋಗಲ್ಲ. ಅದಕ್ಕೆ ಹಿಂದಿನ ಅಕ್ಸಲ್‌ಗೆ ಸ್ವಲ್ಪ ಮುಂಚೆ ಸುಟ್ಟ ಮೋಟಾರ್ ಎರಡು, ಮರಳು ಚೀಲ ನಾಲ್ಕು ಇಟ್ಟು ಹಗ್ಗ ಬಿಗಿದೆ. ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿದೆ. ಕಲ್ಲಿನ ಮೇಲೆ, ಹಳ್ಳದ ಮರಳಿನ ಮೇಲೆ ಇದು ಕೆಲಸ ಮಾಡುತ್ತೆ, ಟೈರು ಅಗಲವಾಗಿ ಕೂತು ಹಿಡಿಯುತ್ತೆ. ಚಳ್ಳಕೆರೆ, ಹಿರಿಯೂರು ಕಡೆ ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಮಾತ್ರ ಯಾವ ಉಪಾಯವೂ ನಡೆಯಲ್ಲ. ಎರಡು ಸುತ್ತಿನಲ್ಲಿ ಟೈರಿನ ಬಟನ್ನೆಲ್ಲಾ ಮುಚ್ಚಿ ನಾಲ್ಕೂ ಚಕ್ರ ಎರೆಮಣ್ಣಿನ ಮುದ್ದೆ. ಅಲ್ಲಿ ಬಿಸಿಲು ಬರೋ ತನಕ ಮಂಡಕ್ಕಿ ತಿನ್ನುತ್ತಾ ಕೂರೋದೇ ಫೋರ್ ವೀಲ್ ಡ್ರೈವ್.

ಮರಡಿಯ ಅರ್ಧಕ್ಕೆ ಬಂದಾಗ, ಹಿಂದಿನ ಸಲ ಗಾಡಿ ನಿಂತಿದ್ದ ಅದೇ ಜಾಲಿ ಗಿಡದ ಹತ್ತಿರ, ನನ್ನ ಕಾಲು ತಾನಾಗೇ ಬ್ರೇಕ್ ಹುಡುಕಿತು. ಎಂಜಿನ್ ಒಂದೇ ಸ್ವರದಲ್ಲಿತ್ತು. ಬಲ ಮುಂದಿನ ಚಕ್ರ ಕಾಲುವೆಗೆ ಇಳಿದು, ಎಡ ಹಿಂದಿನದು ಗಾಳಿಯಲ್ಲಿ ಎದ್ದು, ಎರಡೂ ಸುಮ್ನೆ ತಿರುಗೋಕೆ ಶುರುವಾದವು. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು ಡಿಫರೆನ್ಷಿಯಲ್. ಗಾಳಿಯಲ್ಲಿರೋ ಚಕ್ರಕ್ಕೇ ಎಲ್ಲಾ ಶಕ್ತಿ ಕೊಡೋದು ಸಾಮಾನ್ಯ ಡಿಫರೆನ್ಷಿಯಲ್‌ನ ಬುದ್ಧಿ. ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕ್ ಸ್ವಲ್ಪವೇ ಸ್ವಲ್ಪ ಒತ್ತಿದೆ. ತಿರುಗೋ ಚಕ್ರಕ್ಕೆ ತಡೆ ಬಿದ್ದು, ನೆಲ ಹಿಡಿದ ಚಕ್ರಕ್ಕೆ ಜೀವ ಬಂತು. ಗಾಡಿ ಗುಟುರು ಹಾಕಿ ಹತ್ತಿತು. ಮೇಲೆ ತೋಟದ ಅಜ್ಜ ಟವೆಲ್ ಬೀಸುತ್ತಾ ನಿಂತಿದ್ದ. "ಇವತ್ತು ಕೆಮ್ಮಲಿಲ್ವಲ್ಲೋ ನಿನ್ ಗಾಡಿ!"

ಇಳಿದು ಹೈವೇಗೆ ಬಂದ ಮೇಲೆ ಫೋರ್ ವೀಲ್ ಬಿಡಿಸೋದು ಮರೆತಿದ್ದೆ, ಲಿವರ್ ಗಚ್ಚಾಗಿ ಕೂತಿತ್ತು. ಈ ಗಾಡಿಯಲ್ಲಿ ಮುಂದಿನ ಹಿಂದಿನ ಚಕ್ರದ ನಡುವೆ ಡಿಫರೆನ್ಷಿಯಲ್ ಇಲ್ಲ, ಗಟ್ಟಿ ರಸ್ತೆಯಲ್ಲಿ ತಿರುವು ಬಂದಾಗ ಒಳಗೆಲ್ಲಾ ತಿರುಚಿಕೊಂಡು ಬಿಗಿಯುತ್ತದೆ. ಹತ್ತಡಿ ರಿವರ್ಸ್ ತೆಗೆದರೆ ಸಡಿಲ. ಇದನ್ನು ಗೊತ್ತಿಲ್ಲದೆ ಲಿವರ್ ಮುರಿದವರನ್ನು ನೋಡಿದ್ದೇನೆ.

ಆ ವರ್ಷವೇ, 2022ರ ಸೆಪ್ಟೆಂಬರಿನಲ್ಲಿ, ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು, ನಮ್ಮ ಕಡೆಯ ಮಾತಲ್ಲಿ ಮಾರಿಕಣಿವೆ, ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಮ್ಮ ಅಜ್ಜಿ ಮಾರಿಕಣಿವೆ ಕೋಡಿ ಬಿದ್ದ ಕಥೆಯನ್ನು ಅವರ ತಾಯಿಯ ಬಾಯಲ್ಲಿ ಕೇಳಿದ್ದರಂತೆ. ಊರಿಗೆ ಊರೇ ನೋಡೋಕೆ ಹೋಯಿತು, ನಾವೂ ಹೋದೆವು. ವಾಪಸ್ ಬರುವಾಗ ಒಂದು ಹಳ್ಳ ದಾಟಿಸಿದೆ, ಅಕ್ಸಲ್ ಮುಳುಗುವಷ್ಟು ನೀರು. ಗಾಡಿ ಗತ್ತಿನಲ್ಲಿ ದಾಟಿತು. ಒಂದು ತಿಂಗಳಾದ ಮೇಲೆ ಹಿಂದಿನ ಅಕ್ಸಲ್ ಹೌಸಿಂಗಿನ (ಅಕ್ಸಲ್ ಗೇರುಗಳ ಪೆಟ್ಟಿಗೆ) ಬೋಲ್ಟ್ ಬಿಚ್ಚಿದರೆ, 90 ನಂಬರ್ ಆಯಿಲ್ ಬರಬೇಕಾದ ಕಡೆ ಮಜ್ಜಿಗೆ ಬಂತು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಹೊರಗಿನಿಂದ ಏನು ಸಿಕ್ಕರೂ ಎಳೆದುಕೊಳ್ಳುತ್ತೆ. ಅದಕ್ಕೆ ಉಸಿರಾಡೋಕೆ ಮೇಲೊಂದು ಬ್ರೀದರ್ ಇರುತ್ತೆ. ನನ್ನದರಲ್ಲಿ ಅದು ಮಣ್ಣು ಕಟ್ಟಿ ಮುಚ್ಚಿತ್ತು, ಹಾಗಾಗಿ ಆಯಿಲ್ ಸೀಲ್ ಸಂದಿಯಿಂದ ನೀರು ಎಳೆದಿತ್ತು. ಈಗ ಮುಂದಿನ ಹಿಂದಿನ ಎರಡೂ ಬ್ರೀದರಿಗೆ ರಬ್ಬರ್ ಹೋಸ್ ಹಾಕಿ, ಒಂದನ್ನು ಎಂಜಿನ್ ಮೇಲಕ್ಕೆ, ಇನ್ನೊಂದನ್ನು ತೊಟ್ಟಿಯ ಅಂಚಿನ ಎತ್ತರಕ್ಕೆ ತಂದು ಕಟ್ಟಿದ್ದೇನೆ. ಒಟ್ಟು 200 ರೂಪಾಯಿ. ಟೈರ್‌ಗಿಂತ ಮುಂಚೆ ಮಾಡಿಸಬೇಕಾದ ಕೆಲಸ ಇದು, ಅಲ್ವಾ?

ಹೋದ ವಾರದಿಂದ ಹೊಸದೊಂದು ಶುರುವಾಗಿದೆ. ಫೋರ್ ವೀಲ್ ಹಾಕಿ ಎಡಕ್ಕೆ ಪೂರ್ತಿ ತಿರುಗಿಸಿದರೆ ಮುಂದಿನಿಂದ ಕಟಕಟ ಅನ್ನುತ್ತೆ. ಬಲಕ್ಕೆ ಇಲ್ಲ. ಟೂ ವೀಲ್‌ನಲ್ಲೂ ಇಲ್ಲ. ಈ ಸಲ ಗ್ಯಾರೇಜಿಗೆ ಓಡದೆ ನೀಲಿ ರಟ್ಟಿನ ಪುಸ್ತಕದ ಕೊನೇ ಹಾಳೆಯಲ್ಲಿ ತಾರೀಕು, ಜಾಗ, ಎಷ್ಟು ಲೋಡಿತ್ತು, ಯಾವ ಗೇರು ಎಲ್ಲಾ ಬರೆದಿಟ್ಟೆ. ನಿನ್ನೆ ತೆರೆದು ನೋಡಿದರೆ ನನ್ನ ಅಕ್ಷರದ ಕೆಳಗೆ ಹೆಂಡತಿಯ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: "ಟ್ಯಾಂಕ್: ಮುಕ್ಕಾಲು."